ಗಯೆಯಲ್ಲಿ ಬಿಟ್ಟ ಹಾಗಲಕಾಯಿ

ನನ್ನ ಸಂಸಾರದಲ್ಲಿ ಮೂರನೆಯವಳೊಬ್ಬಳು ಇದ್ದಾಳೆ ಎಂಬುದು ನನ್ನ ಹೆಂಡತಿ ಸುಂದರಿಯ ಹಳೆಯ ದೂರು. ಗಾಬರಿಯಾಗಬೇಡಿ, ಅದು ಹಲಸಿನ ಹಣ್ಣು.

ಏಪ್ರಿಲ್ ಬಂತೆಂದರೆ ನಾನು ಕಾಲೇಜಿನಿಂದ ಬಂದು ಮೊದಲು ವಿಚಾರಿಸುವುದು ಸುಂದರಿಯ ಕ್ಷೇಮವನ್ನಲ್ಲ, ಬೆಳ್ತಂಗಡಿ ಕಡೆಯ ಆಕೆಯ ತವರಿನಲ್ಲಿರುವ ಬಕ್ಕೆ ಮರದ ಕ್ಷೇಮವನ್ನು. (ಬಕ್ಕೆ ಎಂದರೆ ಗಟ್ಟಿ ಸೊಳೆಯ ಹಲಸು. ಬಾಯಿಗಿಟ್ಟರೆ ಹೇಳದೆ ಕೇಳದೆ ಗಂಟಲಿಗೆ ಜಾರುವ ತುಳುವ ಹಲಸನ್ನೂ ನಾನು ಬೇಡ ಎನ್ನುವವನಲ್ಲ. ಈ ವಿಷಯದಲ್ಲಿ ನನಗೆ ಜಾತಿಭೇದವಿಲ್ಲ.) ಅಲ್ಲಿಂದ ಜೂನ್ ಮುಗಿಯುವವರೆಗೆ ನಮ್ಮ ಮನೆಯ ಕತ್ತಿಗೆ ಮೇಣ, ಬಾಗಿಲ ಚಿಲಕಕ್ಕೆ ಮೇಣ, ಟೆಲಿಫೋನಿಗೆ ಮೇಣ. ಒಂದು ವರ್ಷ ಯಾರೋ ಒಬ್ಬ ಬಡಪಾಯಿ ವಿದ್ಯಾರ್ಥಿಯ ಉತ್ತರಪತ್ರಿಕೆಗೂ ಮೇಣ ಹತ್ತಿ, ಅವನ ಎರಡು ಪುಟ ಒಂದಕ್ಕೊಂದು ಅಂಟಿಕೊಂಡು, ಒಳಗೆ ಏನು ಬರೆದಿದ್ದನೋ ಎಂದು ಹೆದರಿ ನಾನು ಪೂರ್ತಿ ಅಂಕ ಕೊಡಬೇಕಾಯಿತು. ಇನ್ನು ಹೊಟ್ಟೆಯುಬ್ಬರ, ಓಮದ ಕಷಾಯ, ಡಾಕ್ಟರರ 'ಸಕ್ಕರೆ ಸ್ವಲ್ಪ ಅಂಚಿನಲ್ಲಿ ಉಂಟು ಮಾಸ್ಟ್ರೆ' ಎಂಬ ಎಚ್ಚರಿಕೆ, ಇವೆಲ್ಲ ಸುಂದರಿಯ ಬಾಯಲ್ಲಿ ಕೇಳಿದರೇ ಚೆಂದ.

ನನ್ನ ಪರಿಚಯ ಹೇಳಲು ಮರೆತೆ. ಹೆಸರು ಹುಕ್ರಪ್ಪ. ಮೂಡುಬಿದಿರೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕ. ನಮ್ಮ ಮನೆಯಲ್ಲಿ ಯಾವ ಹಣ್ಣೂ ವರ್ಗೀಕರಣವಾಗದೆ ಹೊಟ್ಟೆಗೆ ಹೋಗುವ ಹಾಗಿಲ್ಲ. ಟೊಮೆಟೊ ಹಣ್ಣೆಂದೂ, ಬಾಳೆಹಣ್ಣು ಬೆರ್ರಿ ಎಂಬ ಗುಂಪಿಗೆ ಸೇರಿದ್ದೆಂದೂ, ಗೇರುಹಣ್ಣು ಹಣ್ಣೇ ಅಲ್ಲ, ಬರೀ ಊದಿಕೊಂಡ ಹೂವಿನ ತೊಟ್ಟೆಂದೂ ನಾನು ಊಟದ ಹೊತ್ತಿನಲ್ಲಿ ಹೇಳುವುದನ್ನು ಮಗಳು ಚಿತ್ರಾ ಕಾಲೇಜಿನಲ್ಲಿ ಒಮ್ಮೆ, ಮನೆಯಲ್ಲಿ ಒಮ್ಮೆ ಕೇಳಬೇಕು. ಅವಳು ನನ್ನದೇ ಕ್ಲಾಸಿನಲ್ಲಿ ದ್ವಿತೀಯ ಪಿಯುಸಿ. ಸುಂದರಿಯದ್ದು ಮಾತ್ರ ಒಂದೇ ಮಾತು.

"ಪಾಠ ಆಮೇಲೆ ಮಾಡುವ. ಮೊದಲು ಊಟ ಮುಗಿಸಿ, ನನಗೆ ಪಾತ್ರೆ ತೊಳೀಲಿಕ್ಕೆ ಉಂಟು."

ಇಂಥ ನೆಮ್ಮದಿಯ ಸಂಸಾರದೊಳಗೆ ಕಾಶಿಯಾತ್ರೆ ಬಂತು. ತೊಂಬತ್ತೆಂಟರ ದಸರಾ ರಜೆ. ಬಂಟ್ವಾಳದಿಂದ ಒಂದು ತಂಡ ಹೊರಟಿತ್ತು. ಹಿಂದಿನ ವರ್ಷ ತೀರಿಕೊಂಡ ನನ್ನ ಅಮ್ಮನಿಗೆ ಗಯೆಯಲ್ಲಿ ಪಿಂಡ ಹಾಕಬೇಕೆಂದು ಸುಂದರಿ ಹಟ ಹಿಡಿದಳು. ಹಟ ಹಿಡಿಯುವ ಹಕ್ಕು ಅವಳಿಗಿತ್ತು. ಅಮ್ಮ ಮಲಗಿದಲ್ಲೇ ಆಗಿದ್ದ ಅಷ್ಟೂ ದಿನ ಅವರನ್ನು ಎತ್ತಿ ಕೂರಿಸಿ ಗಂಜಿ ಕುಡಿಸಿದವಳು ಅವಳು, ಬಾಗಿಲಲ್ಲಿ ನಿಂತು 'ಹೇಗಿದ್ದೀರಿ ಅಮ್ಮ' ಎಂದು ಕೇಳಿದವನು ನಾನು. ಹಾಗಾಗಿ ಚಿತ್ರಾಳನ್ನು ಕಾಲೇಜಿನ ಹಾಸ್ಟೆಲಿನಲ್ಲಿ ಬಿಟ್ಟು ಇಬ್ಬರೂ ಹೊರಟೆವು. ಜೊತೆಗೆ ಸುಂದರಿಯ ಅಣ್ಣ ಚಿನ್ನಯ್ಯನೂ ಹೊರಟ. ಬಕ್ಕೆ ಮರದ ವಾರಸುದಾರ ಅವನೇ ಆದ್ದರಿಂದ ನಾನು ಅವನ ಬ್ಯಾಗನ್ನು ಕೂಡ ಹೊತ್ತೆ.

ರೈಲು ಇಟಾರ್ಸಿ ದಾಟಿದ ಮೇಲೆ ಸುಂದರಿ ಬಾಂಬು ಹಾಕಿದಳು.

"ಕೇಳಿತಾ? ಗಯೆಯಲ್ಲಿ ಒಂದು ಹಣ್ಣು, ಒಂದು ತರಕಾರಿ ಬಿಡಬೇಕು. ಬಿಟ್ಟದ್ದನ್ನು ಸಾಯುವವರೆಗೆ ಮುಟ್ಟುವ ಹಾಗಿಲ್ಲ."

"ಗೊತ್ತುಂಟು."

"ಅದೂ ಪ್ರೀತಿಯದ್ದನ್ನೇ ಬಿಡಬೇಕು. ಅತ್ತೆಯ ಹೆಸರಿನಲ್ಲಿ ಬಿಡುವುದು. ನೀವು ಹಲಸು ಬಿಡಿ."

ಇಪ್ಪತ್ತು ವರ್ಷದಿಂದ ಕಷಾಯ ಕಾಸಿ ಕಾಸಿ ಸಾಧಿಸಲಾಗದ್ದನ್ನು ಈಕೆ ಈಗ ಪಿತೃಗಳ ಕೈಯಲ್ಲಿ ಮಾಡಿಸಲು ಹೊರಟಿದ್ದಾಳೆ ಎಂಬುದು ನನಗೆ ಸ್ಪಷ್ಟವಾಯಿತು. ಅಮ್ಮನ ಹೆಸರು ಹೇಳಿದ್ದರಿಂದ ಬೇಡ ಎನ್ನುವ ಹಾಗಿಲ್ಲ. ಹೂಂ ಎಂದರೆ ಉಳಿದ ಆಯುಷ್ಯವನ್ನು ಬಾಳೆಹಣ್ಣು ತಿಂದು ಕಳೆಯಬೇಕು. ಆ ಸಂಕಟದಲ್ಲಿ ಕೈ ಹಿಡಿದದ್ದು ನನ್ನ ಶಾಸ್ತ್ರ. ಅದರ ಮೇಲೆ ನನಗೆ ಅಂದು ಹುಟ್ಟಿದ ಗೌರವ ಎಂ.ಎಸ್ಸಿ. ಓದುವಾಗಲೂ ಹುಟ್ಟಿರಲಿಲ್ಲ.

"ಬಿಡಬಹುದಿತ್ತು ಸುಂದರೀ," ಎಂದೆ, ದನಿಗೆ ಸ್ವಲ್ಪ ವಿಷಾದ ಬೆರೆಸಿ. "ಆದರೆ ಹಲಸು ಹಣ್ಣಲ್ಲವಲ್ಲ."

"ಎಂತ?"

"ಹಣ್ಣು ಅಂದರೆ ಎಂತ? ಹೂವಿನ ಅಂಡಾಶಯ ಬೆಳೆದು ಆಗುವುದು ಹಣ್ಣು. ಮಾವು ಹಾಗೆ, ಪೇರಳೆ ಹಾಗೆ. ಹಲಸು ಒಂದು ಹೂವಿನಿಂದ ಆದದ್ದೇ ಅಲ್ಲ. ಇಡೀ ಹೂಗೊಂಚಲು, ನೂರಾರು ಹೂವುಗಳು ಒಂದಕ್ಕೊಂದು ಕೂಡಿಕೊಂಡು ಆದ ಸಂಯುಕ್ತ ಫಲ. ಅದರಲ್ಲಿ ನಾವು ತಿನ್ನುವ ಸೊಳೆ ಉಂಟಲ್ಲ, ಅದು ಹೂವಿನ ಎಸಳು. ದಪ್ಪ ಆದ ಎಸಳು, ಅಷ್ಟೆ."

ಮೇಲಿನ ಬರ್ತಿನಲ್ಲಿ ಮಲಗಿದ್ದ ಚಿನ್ನಯ್ಯ ತಲೆ ಕೆಳಗೆ ಹಾಕಿದ. "ಹಾಗಾದರೆ ಹಣ್ಣು ಎಲ್ಲಿ ಹೋಯಿತು ಬಾವ?"

"ಒಳಗೆ. ಬೀಜದ ಮೇಲೆ ತೆಳ್ಳಗೆ ಒಂದು ಚೀಲ ಇರ್ತದಲ್ಲ, ಆ ಚೀಲ, ಅದರೊಳಗಿನ ಬೀಜ, ಅದು ನಿಜವಾದ ಹಣ್ಣು. ನಾವು ತಿನ್ನುವುದು ಹೂವು, ಬಿಸಾಡುವುದು ಹಣ್ಣು."

"ಅಯ್ಯೋ ದೇವರೇ," ಎಂದ ಚಿನ್ನಯ್ಯ. ಹುಟ್ಟಿದಂದಿನಿಂದ ತಿಂದದ್ದನ್ನೆಲ್ಲ ಅವನು ಮತ್ತೆ ಲೆಕ್ಕ ಹಾಕುತ್ತಿರುವಂತೆ ಕಂಡಿತು.

ಸುಂದರಿ ನನ್ನನ್ನೇ ನೋಡುತ್ತಿದ್ದಳು. "ಅಂದರೆ ಸೊಳೆ ಹಣ್ಣೇ ಅಲ್ಲ. ನಿಶ್ಚಯವಾ?"

"ಪಠ್ಯಪುಸ್ತಕದಲ್ಲಿ ಉಂಟು. ಬೇಕಾದರೆ ಊರಿಗೆ ಹೋದ ಮೇಲೆ ಚಿತ್ರಾಳನ್ನು ಕೇಳು."

"ಬೇಡ ಬೇಡ, ನೀವು ಹೇಳಿದ್ದೇ ಸಾಕು. ಅಣ್ಣ, ನೀನೂ ಕೇಳಿದೆಯಲ್ಲ?"

ಆ ಕೊನೆಯ ಪ್ರಶ್ನೆ ಯಾಕೆ ಬಂತೆಂದು ನಾನು ಯೋಚಿಸಬೇಕಿತ್ತು. ಗೆದ್ದ ಸಂತೋಷದಲ್ಲಿ ಎರಡು ಚಹಾ ತರಿಸಿ ಕುಡಿದೆ.

ಗಯೆಯಲ್ಲಿ ಅಕ್ಷಯವಟದ ಕೆಳಗೆ ಜನವೋ ಜನ. ನಮ್ಮ ಪಾಲಿಗೆ ಬಂದ ಪಂಡನಿಗೆ, ಅಂದರೆ ಅಲ್ಲಿನ ಪುರೋಹಿತನಿಗೆ, ವಿಪರೀತ ಅವಸರ. ಮೊದಲು ಸುಂದರಿಯ ಸರದಿ. ಅವಳು ಮಾವಿನ ಹಣ್ಣು ಬಿಟ್ಟಳು, ತೊಂಡೆಕಾಯಿ ಬಿಟ್ಟಳು. ಮಾವು ಎಂದರೆ ಅವಳಿಗೆ ಪ್ರಾಣ. ಮದುವೆಯಾದ ಹೊಸತರಲ್ಲಿ ಅಮ್ಮ ಅವಳಿಗಾಗಿ ಅಕ್ಕಿ ಡಬ್ಬಿಯೊಳಗೆ ಕಾಡಿನ ಕಾಟು ಮಾವು ಹುಗಿದಿಟ್ಟು ಹಣ್ಣು ಮಾಡಿ ಕೊಡುತ್ತಿದ್ದುದು ನನಗೂ ನೆನಪಿದೆ. ಬಿಟ್ಟು ಎದ್ದಾಗ ಅವಳ ಕಣ್ಣು ತುಂಬಿತ್ತು. ನನಗೂ ಒಳಗೆ ಒಂಥರಾ ಆಯಿತು, ನಿಜವಾಗಿ. ಆದರೆ ಅಷ್ಟರಲ್ಲಿ ನನ್ನ ಸರದಿ ಬಂದುಬಿಟ್ಟಿತು.

"ಫಲ್?" ಎಂದ ಪಂಡ.

ನಾನು ದೂರದರ್ಶನದ ಕೃಪೆಯಿಂದ ಕಲಿತ ಹಿಂದಿಯಲ್ಲಿ ಗಂಭೀರವಾಗಿ ಹೇಳಿದೆ. "ಕರೇಲಾ."

ಕರೇಲಾ ಎಂದರೆ ನಮ್ಮ ಹಾಗಲಕಾಯಿ. ಈ ಭೂಮಿಯ ಮೇಲೆ ನಾನು ಮನಸಾರೆ ದ್ವೇಷಿಸುವ ವಸ್ತು ಒಂದಿದ್ದರೆ ಅದು. ಪಂಡ ಒಂದು ಕ್ಷಣ ಅವಸರ ಮರೆತ. ಕರೇಲಾ ಸಬ್ಜಿಯಲ್ಲವೇ ಬಾಬೂಜಿ ಎಂದು ಕೇಳಿದ. ಅಂಡಾಶಯಕ್ಕೆ ಹಿಂದಿಯಲ್ಲಿ ಏನೆನ್ನುತ್ತಾರೋ ತಿಳಿಯದೆ, ಒಳಗೆ ಬೀಜ ಇದೆ, ಬೀಜ ಇದ್ದದ್ದೆಲ್ಲ ಫಲ, ನಾನು ಕಾಲೇಜಿನ ಪ್ರೊಫೆಸರ್ ಎಂದು ಮೂರು ವಾಕ್ಯದಲ್ಲಿ ತಿಳಿಸಿದೆ. ಪಂಡ ನನ್ನ ಹಿಂದಿದ್ದ ಸಾಲನ್ನು ನೋಡಿದ, ನನ್ನನ್ನು ನೋಡಿದ, ಮಂತ್ರ ಹೇಳಿದ.

"ಸಬ್ಜಿ?"

"ಬೈಂಗನ್," ಎಂದೆ. ಅಂದರೆ ಬದನೆ. ದ್ವೇಷದಲ್ಲಿ ನನ್ನ ಎರಡನೆಯ ಸ್ಥಾನ ಅದಕ್ಕೆ. ಒಂದೇ ಏಟಿಗೆ ಇಬ್ಬರು ಶತ್ರುಗಳು ಸತ್ತರು, ಹಲಸು ಉಳಿಯಿತು, ಪಿತೃಗಳೂ ತೃಪ್ತರಾದರು ಎಂದು ನಾನು ಬೀಗುತ್ತ ಎದ್ದೆ. ಕರೇಲಾ, ಬೈಂಗನ್ ಎಂದರೇನೆಂದು ಸುಂದರಿಗೆ ನಾನೇ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವಳು ಜಗಳಕ್ಕೆ ಬರಲಿಲ್ಲ. "ಹೌದಾ?" ಎಂದಳು, ಅಷ್ಟೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಆ 'ಹೌದಾ'ದ ಅರ್ಥ ತಿಳಿಯದ ನಾನು ಪ್ರೊಫೆಸರ್ ಅಂತೆ.

ಊರಿಗೆ ಬಂದ ಮೇಲಿನ ಏಳು ತಿಂಗಳು ನನ್ನ ಜೀವನದ ಸುವರ್ಣಯುಗ. ಮನೆಯಲ್ಲಿ ಹಾಗಲಕಾಯಿಯ ಸುಳಿವಿಲ್ಲ. ಮದುವೆಯೂಟಗಳಲ್ಲಿ ಬದನೆಯ ಪಲ್ಯ ಬಂದರೆ ಎಲೆಗೆ ಅಡ್ಡವಾಗಿ ಕೈ ಹಿಡಿದು, ಕಣ್ಣು ಅರೆ ಮುಚ್ಚಿ, "ಗಯೆಯಲ್ಲಿ ಬಿಟ್ಟದ್ದು" ಎನ್ನುತ್ತಿದ್ದೆ. ಬಡಿಸುವವರು ಭಕ್ತಿಯಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಪಕ್ಕದ ಎಲೆಯವರು ನನ್ನ ತ್ಯಾಗಕ್ಕೆ ಮರುಗಿ ಅವರ ಪಾಲಿನ ಹೋಳಿಗೆಯನ್ನು ನನಗೆ ಹಾಕಿಸಿದ್ದೂ ಉಂಟು. ಏಪ್ರಿಲಿನಲ್ಲಿ ಮಾವು ಬಂತು. ಸುಂದರಿ ತಾನು ಮುಟ್ಟದೆ ಹೆಚ್ಚಿ ಹೆಚ್ಚಿ ನನಗೆ ಕೊಟ್ಟಳು. ಅವಳಿಗೆ ಬೇಸರವಾಗದಿರಲೆಂದು ನಾನು ಗೋಡೆಯ ಕಡೆ ತಿರುಗಿ ಕೂತು ತಿಂದೆ. ಇದಕ್ಕಿಂತ ಹೆಚ್ಚಿನ ಸೂಕ್ಷ್ಮ ಸಂವೇದನೆಯನ್ನು ಗಂಡಸಿನಿಂದ ನಿರೀಕ್ಷಿಸುವುದು ತಪ್ಪು.

ಮೇ ತಿಂಗಳ ಒಂದು ಭಾನುವಾರ ಚಿನ್ನಯ್ಯ ಬಂದ. ವೇಣೂರಿನ ಮೇಲಾಗಿ ಬರುವ ಬಸ್ಸಿನ ಟಾಪಿನಲ್ಲಿ ಗೋಣಿಯಲ್ಲಿ ಕಟ್ಟಿ, ನಿಲ್ದಾಣದಿಂದ ರಿಕ್ಷಾದಲ್ಲಿ ಹೇರಿಕೊಂಡು ತಂದದ್ದು ಒಂದು ಬಕ್ಕೆ ಹಲಸು. ಚಿಕ್ಕ ಕರುವಿನಷ್ಟಿತ್ತು. ಮನೆಯೊಳಗೆ ಇಳಿಸುವ ಮೊದಲೇ ಪರಿಮಳ ಅಡುಗೆಮನೆ ತಲುಪಿತ್ತು. ನಾನು ಲುಂಗಿ ಎತ್ತಿ ಕಟ್ಟಿ, ಹಳೆಯ ಪತ್ರಿಕೆ ಹಾಸಿ, ಅಂಗೈಗೆ ತೆಂಗಿನೆಣ್ಣೆ ಹಚ್ಚಿ, ಕತ್ತಿ ಹಿಡಿದು ಕೂತೆ. ಹೀಗೆ ಕೂತಾಗ ನನ್ನ ಮುಖದಲ್ಲಿ ಒಂದು ತೇಜಸ್ಸು ಇರುತ್ತದೆಂದು ಚಿತ್ರಾ ಹೇಳುವುದುಂಟು. ಅವಳು ಆಗ ಅಲ್ಲೇ ಚಾವಡಿಯ ಕಿಟಕಿಯ ಹತ್ತಿರ ಸಿಇಟಿ ಪರೀಕ್ಷೆಗೆ ಓದುತ್ತಿದ್ದಳು. ಮೆಡಿಕಲ್ ಸೀಟು ಸಿಗಬೇಕೆಂದು ಅವಳ ಆಸೆ, ಅದಕ್ಕಿಂತ ಒಂದು ಕೈ ಹೆಚ್ಚು ನನ್ನ ಆಸೆ.

ಅವಳಿಗೆ ಗಟ್ಟಿಯಾಗಿ ಓದುವ ಅಭ್ಯಾಸ. "ಬೆರ್ರಿ ಗುಂಪಿಗೆ ಉದಾಹರಣೆ, ಟೊಮೆಟೊ, ಬದನೆ, ದ್ರಾಕ್ಷಿ, ಬಾಳೆ..."

ಅಡುಗೆಮನೆಯಿಂದ ಸುಂದರಿ ಬಂದಳು. ಕೈಯಲ್ಲಿ ಸೌಟು. "ಮಗಾ, ಇನ್ನೊಮ್ಮೆ ಓದು. ಟೊಮೆಟೊ ಆದ ಮೇಲೆ ಎಂತ ಹೇಳಿದೆ?"

"ಬದನೆ."

"ಬದನೆ ಹಣ್ಣಾ?"

"ಹೌದಮ್ಮ. ಅಂಡಾಶಯದಿಂದ ಆದದ್ದು, ಒಳಗೆ ಬೀಜ ಉಂಟು. ಅಪ್ಪನೇ ಕ್ಲಾಸಿನಲ್ಲಿ ಹೇಳಿದ್ದು."

ನನ್ನ ಕತ್ತಿ ಹಲಸಿನ ಮೇಲೆ ನಿಂತಿತು.

"ಹಾಗಾದರೆ," ಎಂದಳು ಸುಂದರಿ ನಿಧಾನವಾಗಿ, ಸೌಟನ್ನು ಕಿಟಕಿಯ ಮೇಲಿಟ್ಟು, "ನೀವು ಗಯೆಯಲ್ಲಿ ಹಣ್ಣು ಅಂತ ಹಾಗಲ ಬಿಟ್ಟಿರಿ. ತರಕಾರಿ ಅಂತ ಬದನೆ ಬಿಟ್ಟಿರಿ. ಬದನೆಯೂ ಹಣ್ಣೇ ಆದರೆ ಎರಡು ಹಣ್ಣು ಬಿಟ್ಟ ಹಾಗಾಯಿತು. ತರಕಾರಿ ಎಲ್ಲಿ ಬಿಟ್ಟಿರಿ?"

"ಅದು... ಬದನೆ ತರಕಾರಿಯೇ ಮಾರಾಯ್ತಿ. ಮಾರ್ಕೆಟಿನಲ್ಲಿ ಕೇಳು ಬೇಕಾದರೆ."

"ಮಾರ್ಕೆಟಿನಲ್ಲಿ ಹಾಗಲವೂ ತರಕಾರಿಯೇ. ಹಾಗಲ ಹಣ್ಣು ಆಗುವಾಗ ಶಾಸ್ತ್ರ, ಬದನೆ ತರಕಾರಿ ಆಗುವಾಗ ಮಾರ್ಕೆಟಾ?"

ಚಿನ್ನಯ್ಯ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಬಸ್ಸಿನ ಆಯಾಸವೆಲ್ಲ ಪರಿಹಾರವಾದವನ ಹಾಗೆ ಕಾಣುತ್ತಿದ್ದ.

"ನೀನೂ ತೊಂಡೆಕಾಯಿ ಬಿಟ್ಟಿದ್ದೀ," ಎಂದು ನಾನು ಎದುರಾಳಿಯ ಕೋಟೆಗೆ ನುಗ್ಗಿದೆ. "ಅದೂ ಹಣ್ಣು. ಗೊತ್ತುಂಟಾ?"

"ನಾನು ನನ್ನ ಅಡುಗೆಮನೆಯ ಲೆಕ್ಕದಲ್ಲಿ ಬಿಟ್ಟದ್ದು, ಕೊನೆಯವರೆಗೆ ಅದೇ ಲೆಕ್ಕ. ನೀವು ಶಾಸ್ತ್ರದ ಲೆಕ್ಕದಲ್ಲಿ ಬಿಟ್ಟದ್ದು. ಮಧ್ಯದಲ್ಲಿ ಬದಲಿಸುವ ಹಾಗಿಲ್ಲ. ಅತ್ತೆ ಅಲ್ಲಿ ಕಾಯ್ತಾ ಇರ್ತಾರೆ, ಮಗ ತರಕಾರಿ ಯಾವಾಗ ಬಿಡ್ತಾನೆ ಅಂತ." ಇದನ್ನು ಹೇಳುವಾಗ ಅವಳ ದನಿ ತುಸು ನಡುಗಿತು. ಅವಳಿಗೆ ಅದು ತಮಾಷೆಯಾಗಿರಲಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು. ಆದರೆ ನನ್ನ ಮುಂದೆ ಹಲಸು ಇತ್ತಲ್ಲ.

"ಸುಂದರೀ, ಸಸ್ಯಶಾಸ್ತ್ರದಲ್ಲಿ ತರಕಾರಿ ಎಂಬ ವರ್ಗವೇ ಇಲ್ಲ. ಅದು ಬರೀ ಅಡುಗೆಮನೆಯ ಮಾತು," ಎಂದೆ, ಕೊನೆಯ ಬ್ರಹ್ಮಾಸ್ತ್ರದಂತೆ.

"ಬಹಳ ಒಳ್ಳೆಯದಾಯಿತು. ಅಡುಗೆಮನೆಯ ಮಾತಾದರೆ ತೀರ್ಮಾನ ನಾನು ಮಾಡ್ತೇನೆ. ಬಸಳೆ ಎಂತ? ಎಲೆ, ದಂಟು. ತರಕಾರಿ. ಮೂಲಂಗಿ ಬೇರು. ತರಕಾರಿ. ಬಾಳೆಯ ಪೂಂಬೆ ಎಂತ ಮಗಾ?"

"ಹೂಗೊಂಚಲು," ಎಂದಳು ಚಿತ್ರಾ, ಪುಸ್ತಕ ಮುಚ್ಚಿ.

"ಅದನ್ನು ನಾವು ಪಲ್ಯ ಮಾಡ್ತೇವೆ. ಹಣ್ಣು ಬಿಟ್ಟು ಗಿಡದಲ್ಲಿ ತಿನ್ನುವಂಥದ್ದು ಬೇರೆ ಎಂತ ಇದ್ದರೂ ಅದು ತರಕಾರಿ. ಎಲೆಯಾಗಲಿ, ಬೇರಾಗಲಿ, ಹೂವಾಗಲಿ. ಸರಿಯಾ?"

"ಸರಿ," ಎಂದೆ. ಎಲ್ಲಿಗೆ ಹೋಗುತ್ತಿದ್ದಾಳೆಂದು ಆ ಕ್ಷಣದವರೆಗೂ ನನಗೆ ಹೊಳೆಯಲಿಲ್ಲ. ಬಸಳೆಯನ್ನೋ ಮೂಲಂಗಿಯನ್ನೋ ಬಿಡಿಸುತ್ತಾಳೆಂದು ಒಳಗೊಳಗೇ ಖುಷಿಪಡುತ್ತಿದ್ದೆ.

"ಅಣ್ಣ, ರೈಲಿನಲ್ಲಿ ಇವರು ಸೊಳೆ ಅಂದರೆ ಎಂತ ಅಂತ ಹೇಳಿದ್ದು?"

"ಹೂವಿನ ಎಸಳು," ಎಂದ ಚಿನ್ನಯ್ಯ. "ದಪ್ಪ ಆದ ಎಸಳು, ಅಷ್ಟೆ." ನನ್ನ ಮಾತನ್ನು ನನ್ನದೇ ದನಿಯಲ್ಲಿ ಹೇಳಿದ. ಇಂಥ ನೆನಪಿನ ಶಕ್ತಿ ನನ್ನ ವಿದ್ಯಾರ್ಥಿಗಳಿಗೆ ಯಾಕಿಲ್ಲವೋ.

"ಹಣ್ಣಲ್ಲ, ಹೂವು. ತಿನ್ನುವ ಹೂವು ತರಕಾರಿ. ನೀವು ಇನ್ನೂ ಒಂದು ತರಕಾರಿ ಬಿಡಲಿಕ್ಕೆ ಉಂಟು, ಅದು ಪ್ರೀತಿಯದ್ದೇ ಆಗಬೇಕು. ಕತ್ತಿ ಈಚೆ ಕೊಡಿ."

"ತಡಿ, ತಡಿ," ಎಂದೆ. ಕತ್ತಿಯನ್ನು ಬೆನ್ನ ಹಿಂದೆ ಹಿಡಿದೆ. "ನಾನು ರೈಲಿನಲ್ಲಿ ಸುಮ್ಮನೆ ಹೇಳಿದ್ದು. ಹಲಸು ಹಣ್ಣೇ. ಇಡೀ ಜಗತ್ತು ಹಣ್ಣು ಅಂತ ಹೇಳ್ತದೆ. ಸೊಳೆಯೂ ಹಣ್ಣೇ."

ಆಗ ಕಿಟಕಿಯ ಹತ್ತಿರದಿಂದ ಬಂತು, ನಾನೇ ಸಾಕಿ ಸಲಹಿದ ದನಿ. "ಅಪ್ಪ, ಸಿಇಟಿಯಲ್ಲಿ ಹಲಸಿನ ತಿನ್ನುವ ಭಾಗ ಯಾವುದು ಅಂತ ಪ್ರಶ್ನೆ ಬಂದರೆ ಯಾವುದಕ್ಕೆ ಗುರುತು ಹಾಕಲಿ? ಎಸಳಿಗಾ, ಅಂಡಾಶಯಕ್ಕಾ? ನೀವು ಕ್ಲಾಸಿನಲ್ಲಿ ಹೇಳಿದ್ದು ತಪ್ಪಾ?"

ಚಾವಡಿಯಲ್ಲಿ ಮೂರು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಂದು ಕಡೆ ಮಗಳ ಮೆಡಿಕಲ್ ಸೀಟು. ಇನ್ನೊಂದು ಕಡೆ ತೊಡೆಯ ಮುಂದೆ ಘಮಘಮಿಸುವ ಬಕ್ಕೆ. ನಾನು ಎಷ್ಟು ಹೊತ್ತು ಯೋಚಿಸಿದೆ ಎಂಬುದನ್ನು ಇಲ್ಲಿ ಬರೆದರೆ ಒಬ್ಬ ತಂದೆಯಾಗಿ ನನ್ನ ಮರ್ಯಾದೆ ಉಳಿಯುವುದಿಲ್ಲ.

"ಎಸಳಿಗೆ," ಎಂದೆ.

ಸುಂದರಿ ನನ್ನ ಕೈಯಿಂದ ಕತ್ತಿ ತೆಗೆದುಕೊಂಡು ಅಣ್ಣನಿಗೆ ಕೊಟ್ಟಳು. ದೇವರ ಕೋಣೆಯಿಂದ ಗಂಗಾಜಲದ ಸಣ್ಣ ತಂಬಿಗೆ ತಂದು, ನನ್ನ ಎಣ್ಣೆಗೈಯ ಮೇಲೆ ಎರಡು ಹನಿ ಹಾಕಿ, ಅಮ್ಮನ ಫೋಟೋದ ಕಡೆ ತಿರುಗಿಸಿ, ಹಲಸಿನ ಸೊಳೆ ಬಿಟ್ಟೆನೆಂದು ಹೇಳಿಸಿದಳು. ನಾನು ಹೇಳಿದೆ. ಫೋಟೋದಲ್ಲಿ ಅಮ್ಮ ನಗುತ್ತಿದ್ದರು. ಸೊಸೆಯ ಜೊತೆ ಸೇರಿಕೊಂಡಾಗ ಅವರ ಮುಖ ಹಾಗೇ ಇರುತ್ತಿತ್ತು.

ನನ್ನ ಮುಖ ನೋಡಿ ಸುಂದರಿಗೆ ಪಾಪ ಎನಿಸಿರಬೇಕು. ಹತ್ತಿರ ಕೂತು ಮೆತ್ತಗೆ ಕೇಳಿದಳು. "ಈಗ ಹಣ್ಣಿನ ಲೆಕ್ಕದಲ್ಲಿ ಒಂದು ಜಾಸ್ತಿ ಆಯಿತು. ಒಂದೇ ಬಿಟ್ಟರೆ ಸಾಕು, ಇನ್ನೊಂದು ತಿನ್ನಬಹುದು. ಹಾಗಲ, ಬದನೆ ಎರಡರಲ್ಲಿ ನಿಮಗೆ ಯಾವುದು ಅಡ್ಡಿಯಿಲ್ಲ?"

ಕರುಣೆಯೆಂದು ನಂಬಿ ಥಟ್ಟನೆ ಹೇಳಿದೆ. "ಬದನೆಯಾದರೆ ಹೇಗೋ ತಿಂದೇನು. ಹಾಗಲ ಮಾತ್ರ ಸಾಧ್ಯವೇ ಇಲ್ಲ."

"ಅಂದರೆ ಎರಡರಲ್ಲಿ ಪ್ರೀತಿಯದ್ದು ಬದನೆ. ಬಿಡಬೇಕಾದ್ದು ಪ್ರೀತಿಯದ್ದು. ಬದನೆ ಬಿಟ್ಟ ಹಾಗೆಯೇ ಇರಲಿ," ಎಂದು ಅವಳು ಎದ್ದಳು. "ಮಗಾ, ಹಿತ್ತಿಲಿನ ಚಪ್ಪರದಲ್ಲಿ ಹಾಗಲ ನಾಲ್ಕು ಬಲಿತು ನಿಂತಿದೆ, ಕೊಯ್ದು ತಾ. ಇವರ ಸಕ್ಕರೆಗೂ ಒಳ್ಳೆಯದು."

(ಹಿತ್ತಿಲಿನಲ್ಲಿ ಹಾಗಲದ ಚಪ್ಪರ ಇತ್ತು. ಇದ್ದದ್ದು ನನಗೆ ಗೊತ್ತಿರಲಿಲ್ಲ. ಸಸ್ಯಶಾಸ್ತ್ರದ ಉಪನ್ಯಾಸಕನ ಹಿತ್ತಿಲಿನಲ್ಲಿ ಬಳ್ಳಿಯೊಂದು ಯಾವಾಗ ಹಬ್ಬಿತೆಂದು ಅವನಿಗೆ ತಿಳಿಯದಿದ್ದರೆ, ನೆಟ್ಟವಳು ಎಷ್ಟು ದಿನದಿಂದ ಕಾಯುತ್ತಿದ್ದಳೆಂದು ನೀವೇ ಊಹಿಸಿ.)

ಮಧ್ಯಾಹ್ನ ಊಟಕ್ಕೆ ನನ್ನ ತಟ್ಟೆಯಲ್ಲಿ ಹಾಗಲಕಾಯಿಯ ಪಲ್ಯ ಬೆಟ್ಟದಂತೆ ಕೂತಿತ್ತು. ಊಟವಾದ ಮೇಲೆ ಚಾವಡಿಯಲ್ಲಿ ಸೊಳೆಯ ತಟ್ಟೆ ಬಂತು. ಚಿನ್ನಯ್ಯ ತಿಂದ, ಚಿತ್ರಾ ತಿಂದಳು, ಸುಂದರಿಯೂ ತಿಂದಳು, ಗೋಡೆಯ ಕಡೆ ತಿರುಗುವ ಸೂಕ್ಷ್ಮ ಸಂವೇದನೆಯನ್ನು ಯಾರೂ ತೋರಿಸಲಿಲ್ಲ. ನಾನು ಪತ್ರಿಕೆ ಹಿಡಿದು, ಅದೇ ಜಾಹೀರಾತನ್ನು ಮತ್ತೆ ಮತ್ತೆ ಓದುತ್ತ ಕೂತೆ. ಸ್ವಲ್ಪ ಹೊತ್ತಿನಲ್ಲಿ ಸುಂದರಿ ಒಳಗೆ ಹೋಗಿ, ಉಪ್ಪು ಹಾಕಿ ಬೇಯಿಸಿದ ಹಲಸಿನ ಬೀಜವನ್ನು ಒಂದು ಬಟ್ಟಲು ತುಂಬ ತಂದು ನನ್ನ ಮುಂದಿಟ್ಟಳು. ಬೀಜದ ಮೇಲಿನ ತೆಳ್ಳಗಿನ ಚೀಲವನ್ನು ಕೂಡ ಬಿಡಿಸದೆ, ಹಾಗೇ ಬೇಯಿಸಿದ್ದಳು.

ಬಾಯಿ ತುಂಬ ಸೊಳೆ ಇಟ್ಟುಕೊಂಡಿದ್ದ ಚಿನ್ನಯ್ಯನಿಗೆ ಆಗ ನನ್ನ ನೆನಪಾಯಿತು. "ಛೆ, ಬಾವನಿಗೆ ಹಣ್ಣು ಕೊಡಲಿಲ್ಲವಲ್ಲ ತಂಗಿ."

"ಕೊಟ್ಟಿದ್ದೇನೆ ಅಣ್ಣ," ಎಂದಳು ಸುಂದರಿ. "ಹಣ್ಣೆಲ್ಲ ಅವರಿಗೇ. ನಾವು ಬರೀ ಹೂವು ತಿಂತಾ ಇದ್ದೇವೆ."